ಬೀಳು ನೆಲದ ನೀಲಿ

ವಿಷ್ಣುಕ್ರಾಂತಿಯನ್ನು ನೋಡಬೇಕೆನ್ನುವವರು ಮಧ್ಯಾಹ್ನದ ಊಟ ಮುಗಿಸಿಕೊಂಡು ಹೊರಟರೆ ಕೆಲಸ ಕೆಟ್ಟಿತು. ಬೆಳಗಿನ ಬಿಸಿಲಿಗೆ ಅರಳಿದ ಹೂವು ಹೊತ್ತು ನೆತ್ತಿ ದಾಟುವಷ್ಟರಲ್ಲಿ ಮುದುಡಿಕೊಂಡಿರುತ್ತದೆ. ಆಮೇಲೆ ಕಣ್ಣಿಗೆ ಬೀಳುವುದು ನೆಲಕ್ಕಂಟಿದ ಬೂದುಹಸಿರು ಕಡ್ಡಿಗಳು ಮಾತ್ರ. ಒಣಹುಲ್ಲಿನ ನಡುವೆ ಇದೇ ಅದು ಎಂದು ತೋರಿಸಲು ಪಳಗಿದ ಕಣ್ಣೂ ತಡವರಿಸುತ್ತದೆ. ಗಿಡ ಅಲ್ಲೇ ಇರುತ್ತದೆ, ಗುರುತು ಮಾತ್ರ ಇರುವುದಿಲ್ಲ. ಒಂದು ಗಿಡದ ಗುರುತಿಗೂ ಗಡಿಯಾರಕ್ಕೂ ಸಂಬಂಧವಿದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ.

ಹೊಸೂರಿನಿಂದ ತೊರಪಲ್ಲಿ ಅಗ್ರಹಾರಕ್ಕೆ ಹೋಗುವವರು ಹೆಚ್ಚಾಗಿ ಹೋಗುವುದು ರಾಜಾಜಿಯವರ ಮನೆ ನೋಡಲು. ಚಕ್ರವರ್ತಿ ರಾಜಗೋಪಾಲಾಚಾರ್ಯರು ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಇದೇ ಊರಿನಲ್ಲಿ. ತಂದೆ ಊರಿನ ಮುನಸೀಫರು. ಹುಡುಗ ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿ, ಕೊನೆಗೆ ದೇಶದ ಗವರ್ನರ್ ಜನರಲ್ ಆದರು. ಹಂಚಿನ ಮನೆ ಈಗ ಸರ್ಕಾರದ ಸ್ಮಾರಕ. ಗೋಡೆಯ ಮೇಲಿನ ಫೋಟೋಗಳನ್ನು ನೋಡಿ, ಒಂದು ಸುತ್ತು ಹಾಕಿ, ಜನ ಕಾರು ಹತ್ತುತ್ತಾರೆ. ಅಷ್ಟಕ್ಕೆ ಊರು ನೋಡಿದಂತಾಯಿತು.

ನನಗೆ ಬೇಕಾದದ್ದು ಊರ ಹೊರಗಿನ ನೆಲ. ನಂದಿಬೆಟ್ಟದ ಕಡೆಯಿಂದ ಇಳಿದು ಬರುವ ದಕ್ಷಿಣ ಪಿನಾಕಿನಿಯನ್ನು ಇಲ್ಲಿಯವರು ಪೆಣ್ಣಾರು, ಪೊನ್ನೈಯಾರು ಎಂದೂ ಕರೆಯುತ್ತಾರೆ. ಬೆಂಗಳೂರಿನ ಕೊಳೆನೀರು ಹೊತ್ತು ಬಂದು ಕೆಲವರಪಳ್ಳಿ ಅಣೆಕಟ್ಟಿನ ಬಳಿ ನೊರೆ ಕಾರುವ ಆ ನದಿಯ ಬಗ್ಗೆ ಪತ್ರಿಕೆಗಳು ಬರೆಯುತ್ತಲೇ ಇವೆ. ನದಿಯ ತೇವ ಮುಟ್ಟದ ದಿನ್ನೆಗಳ ಬಗ್ಗೆ ಬರೆಯುವವರು ಕಡಿಮೆ. ಈ ಸೀಮೆಯ ದಿನ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ: ತೆಳ್ಳಗಿನ ಕೆಮ್ಮಣ್ಣು, ಕಲ್ಲು ಸವೆದು ಉದುರಿದ ಮರಳು, ಅಲ್ಲಲ್ಲಿ ಮೇಲೆದ್ದ ಬಂಡೆ. ತಂಗಡಿ, ಬಂದರೆ, ಒಂದೆರಡು ಜಾಲಿ. ರಾಗಿ ಹಾಕಿದರೆ ಬೀಜದ ಖರ್ಚೂ ಹುಟ್ಟದಂಥ ನೆಲವಾದ್ದರಿಂದ ಮೇಕೆಗೆ ಬಿಟ್ಟಿದ್ದಾರೆ. ಮುಂಗಾರಿನ ಎರಡು ಹದ ಮಳೆ ಬಿದ್ದ ಮೇಲೆ ಇಲ್ಲಿ ನಡೆಯುವಾಗ ಕಾಲ ಬಳಿ ನೀಲಿ ಚುಕ್ಕೆಗಳು ಕಾಣಿಸುತ್ತವೆ. ನಿಂತು ನೋಡಿದರೆ ಚುಕ್ಕೆ. ಮಂಡಿಯೂರಿದರೆ ಹೂವು.

ಹೂವು ಅಂಗಿಯ ಗುಂಡಿಗಿಂತ ದೊಡ್ಡದಲ್ಲ. ಐದು ದಳಗಳು ಬೆಸೆದು ಒಂದೇ ಬಟ್ಟಲಾಗಿವೆ. ಬಟ್ಟಲೂ ಅಲ್ಲ, ಹೆಚ್ಚುಕಡಿಮೆ ಚಪ್ಪಟೆ ತಟ್ಟೆ. ನಡುವೆ ಬಿಳಿ ಕಣ್ಣು, ಅದರ ಸುತ್ತ ಐದು ಬಿಳಿ ಕೇಸರಗಳು. ಹೂವನ್ನು ಎತ್ತಿ ಹಿಡಿದಿರುವ ತೊಟ್ಟು ನೂಲಿನಷ್ಟು ಸಣ್ಣದು, ಎಲೆಗಿಂತ ಉದ್ದ. ಎಲೆಯ ಮೇಲೆಲ್ಲ ರೇಷ್ಮೆಯಂಥ ರೋಮ. ಬೂದುಬಣ್ಣ ಬಂದಿರುವುದು ಅದರಿಂದಲೇ. ಕಾಯಿ ಕಟ್ಟಿದ ಮೇಲೆ ತೊಟ್ಟು ನೆಲದ ಕಡೆ ಬಾಗುತ್ತದೆ. ಮೆಣಸಿನ ಕಾಳಿಗಿಂತ ಚಿಕ್ಕದಾದ ಆ ಗುಂಡುಕಾಯಿ ನಾಲ್ಕು ಹೋಳಾಗಿ ಒಡೆದು ಬೀಜ ಉದುರಿಸುತ್ತದೆ. ಮೇಲಿನ ಕಡ್ಡಿಗಳು ಬೇಸಿಗೆಯಲ್ಲಿ ಒಣಗಿದರೂ ಮಣ್ಣಿನೊಳಗೆ ಕಟ್ಟಿಗೆಯಂತೆ ಗಟ್ಟಿಯಾದ ಬೇರು ಜೀವ ಹಿಡಿದುಕೊಂಡಿರುತ್ತದೆ. ಮುಂದಿನ ಮಳೆಗೆ ಅಲ್ಲಿಂದಲೇ ಚಿಗುರು.

ಇಷ್ಟೂ ಸರಿ, ಆದರೆ ಇದ್ಯಾವುದೂ ಖಚಿತ ಗುರುತಲ್ಲ. ಖಚಿತ ಗುರುತು ಹೂವಿನ ನಡುವಿನಲ್ಲಿದೆ, ಅದಕ್ಕೆ ಭೂತಗನ್ನಡಿ ಬೇಕು. ಅಂಡಾಶಯದ ತುದಿಯಿಂದ ಒಂದಲ್ಲ, ಎರಡು ಶಲಾಕೆಗಳು ಏಳುತ್ತವೆ. ಒಂದೊಂದೂ ಮತ್ತೆ ಕವಲೊಡೆದು ಎರಡಾಗುತ್ತದೆ. ಒಟ್ಟು ನಾಲ್ಕು ಬಿಳಿ ಎಳೆಗಳು. ಹತ್ತಿರದ ನೆಂಟನಾದ ಕಾನ್ವಾಲ್ವುಲಸ್‌ನಲ್ಲಿ ಶಲಾಕೆ ಒಂದೇ, ತುದಿಯಲ್ಲಷ್ಟೇ ಎರಡು ಕವಲು. ಸಿಹಿಗೆಣಸು ಸೇರಿದ ಐಪೋಮಿಯಾದಲ್ಲಿ ಒಂದೇ ಶಲಾಕೆ, ತುದಿಯಲ್ಲೊಂದು ಗುಂಡು. ಎಲ್ಲವೂ ಒಂದೇ ಕುಟುಂಬದವು. ಆ ಕುಟುಂಬದಲ್ಲಿ ಬಹುಪಾಲು ಏನಾದರೂ ಸಿಕ್ಕರೆ ಸುತ್ತಿಕೊಂಡು ಹತ್ತುವ ಬಳ್ಳಿಗಳು. ವಿಷ್ಣುಕ್ರಾಂತಿ ಯಾವುದನ್ನೂ ಸುತ್ತುವುದಿಲ್ಲ, ಯಾವುದರ ಮೇಲೂ ಏರುವುದಿಲ್ಲ.

ಈ ನಾಲ್ಕು ಎಳೆಗಳ ವಿಷಯದಲ್ಲಿ ಲಿನೇಯಸ್‌ನಂಥವನಿಗೂ ಸಮಯ ಹಿಡಿಯಿತು. 1753ರಲ್ಲಿ ಸಸ್ಯಗಳಿಗೆಲ್ಲ ಜೋಡಿಹೆಸರು ಕೊಟ್ಟ ತನ್ನ ಮಹಾಗ್ರಂಥದಲ್ಲಿ ಅವನು ಇದನ್ನು ಕಾನ್ವಾಲ್ವುಲಸ್ ಎಂದೇ ಬರೆದ. ಒಂಬತ್ತು ವರ್ಷಗಳ ನಂತರ, 1762ರ ಎರಡನೇ ಆವೃತ್ತಿಯಲ್ಲಿ, ಅಲ್ಲಿಂದ ತೆಗೆದು ಎವಾಲ್ವುಲಸ್ ಎಂಬ ಬೇರೆ ಕುಲಕ್ಕೆ ಸೇರಿಸಿದ. ಅವನಿಗಿಂತ ಮೊದಲೇ ಮಲಬಾರಿನ ವೈದ್ಯರಿಗೆ ಗಿಡ ಚೆನ್ನಾಗಿ ಗೊತ್ತಿತ್ತು. ಡಚ್ ಅಧಿಕಾರಿ ವಾನ್ ರೀಡ್ ಕೊಚ್ಚಿಯಲ್ಲಿ ಕೂತು ಇಟ್ಟಿ ಅಚ್ಯುತನ್ ಎಂಬ ವೈದ್ಯರಿಂದಲೂ ರಂಗಭಟ್ಟ, ಅಪ್ಪುಭಟ್ಟ, ವಿನಾಯಕ ಪಂಡಿತ ಎಂಬ ಕೊಂಕಣಿ ಪಂಡಿತರಿಂದಲೂ ಕೇಳಿ ಬರೆಸಿದ ‘ಹಾರ್ಟಸ್ ಮಲಬಾರಿಕಸ್’ನ ಹನ್ನೊಂದನೇ ಸಂಪುಟ 1692ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಅದರಲ್ಲಿ ‘ವಿಷ್ಣುಕ್ಲಾಂಡಿ’ ಎಂಬ ರೂಪದಲ್ಲಿ ನಮ್ಮ ಗಿಡ ಕೂತಿದೆ. ಲಿನೇಯಸ್ ಆ ಪುಸ್ತಕ ಬಳಸಿದವನು. ನೆಲ ನೋಡಿದವರು ಒಬ್ಬರು, ಗಿಡ ಹಿಡಿದು ತಂದವರು ಇನ್ನೊಬ್ಬರು, ಶಲಾಕೆ ಎಣಿಸಿದವನು ಮತ್ತೊಬ್ಬ. ಒಂದು ಗಿಡದ ಗುರುತು ಪೂರ್ತಿಯಾಗಲು ಇಷ್ಟು ಜನ ಬೇಕಾದರು.

ದಿನ್ನೆಯ ಮೇಲೆ ಹೀಗೆ ಮಂಡಿಯೂರಿ ಕೂತಿದ್ದಾಗ ಮೇಕೆ ಹೊಡೆದುಕೊಂಡು ಬಂದ ಹೆಂಗಸೊಬ್ಬಳು ಪಕ್ಕದಲ್ಲಿ ಬಂದು ನಿಂತಳು. ವಯಸ್ಸಾದವಳು. ಈ ಕಡೆಯವರ ಹಾಗೆ ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವಳು.

“ಏನಪ್ಪಾ ಕಳ್ಕೊಂಡೆ, ದುಡ್ಡಾ?”

“ಇಲ್ಲಮ್ಮ, ಹೂವು ನೋಡ್ತಾ ಇದೀನಿ.”

“ವಿಷ್ಣುಕಾಂತೀನಾ? ಅದಕ್ಯಾಕೆ ಇಷ್ಟು ಬಗ್ತೀಯ? ಆ ಬಂಡೆ ಪಕ್ಕಕ್ಕೆ ಹೋಗು, ಎಲ್ಲಾ ಅದೇ. ಗೊಬ್ಬರ ಬಿದ್ದ ಕಡೆ ಬರಲ್ಲ, ನೆರಳಿರೋ ಕಡೆ ಬರಲ್ಲ. ಹೊಲದಾಗೆ ಹುಡುಕಿದ್ರೆ ಸಿಕ್ಕಲ್ಲಪ್ಪ.”

ಇಷ್ಟು ಹೇಳಿ ಅವಳು ಮೇಕೆಗಳ ಹಿಂದೆ ಹೋದಳು. ನಾನು ಶಲಾಕೆಯ ಕವಲು ನೋಡುತ್ತಿದ್ದೆ. ಅವಳು ನೋಡಿದ್ದು ನೆಲ. ಅವಳ ಗುರುತಿನಲ್ಲಿ ಹೂವಿನ ಬಣ್ಣವೂ ಬರಲಿಲ್ಲ, ಎಲೆಯ ಆಕಾರವೂ ಬರಲಿಲ್ಲ. ಎಲ್ಲಿ ಬರುವುದಿಲ್ಲ ಎಂಬುದರ ಮೂಲಕ ಗಿಡವನ್ನು ಬಲ್ಲವಳು ಅವಳು. ಅವಳ ಮಾತನ್ನು ಆಮೇಲೆ ಬೇರೆ ಬೇರೆ ಜಾಗಗಳಲ್ಲಿ ಪರೀಕ್ಷಿಸಿದ್ದೇನೆ. ಹುಲ್ಲು ಕುಳ್ಳಗಿರುವ, ಮೇಕೆ ದನ ಮೇಯುವ, ಬಿಸಿಲು ನೇರ ಬೀಳುವ ಬಡ ನೆಲದಲ್ಲಿ ವಿಷ್ಣುಕ್ರಾಂತಿ ಇದೆ. ಕುರುಚಲು ಕಾಡಿನಲ್ಲಿ ಮರಗಳ ನಡುವಿನ ಬಯಲಿನಲ್ಲೂ ಇದೆ. ಗೊಬ್ಬರ ಬಿದ್ದು ಕಳೆ ಎದೆಯೆತ್ತರ ಬೆಳೆದ ಕಡೆ ಇಲ್ಲ.

ನಮ್ಮ ಮನೆಗಳಲ್ಲಿ ಈ ಗಿಡದ ಹೆಸರು ಕೇಳದವರು ಕಡಿಮೆ. ಗಣೇಶನ ಹಬ್ಬದ ಇಪ್ಪತ್ತೊಂದು ಪತ್ರೆಗಳಲ್ಲಿ ವಿಷ್ಣುಕ್ರಾಂತಿಯೂ ಒಂದು. ಕಾಸರಗೋಡಿನಿಂದ ಆಚೆ ಮಲಯಾಳಿಗಳ ದಶಪುಷ್ಪದಲ್ಲೂ ಇದಕ್ಕೆ ಜಾಗವಿದೆ. ಆದರೆ ಹಬ್ಬದ ಹಿಂದಿನ ದಿನ ಪೇಟೆಯಲ್ಲಿ ಕೊಳ್ಳುವ ಪತ್ರೆಯ ಕಟ್ಟನ್ನು ಒಮ್ಮೆ ಬಿಚ್ಚಿ ನೋಡಿ. ಇಪ್ಪತ್ತೊಂದರಲ್ಲಿ ಎಷ್ಟು ಇವೆ, ವಿಷ್ಣುಕ್ರಾಂತಿ ಎಂದು ಇಟ್ಟಿರುವುದು ಯಾವುದು ಎಂದು ಕೇಳಿದರೆ ಮಾರುವವರೂ ನಗುತ್ತಾರೆ, ಪುರೋಹಿತರೂ ನಗುತ್ತಾರೆ. ಕೆಲವೆಡೆ ಬೇಲಿಯ ಶಂಖಪುಷ್ಪದ ಎಲೆಯೇ ಇದರ ಬದಲಿಗೆ ಬರುವುದುಂಟು. ದೇವರು ಕೋಪಿಸಿಕೊಳ್ಳಲಾರ, ಬಿಡಿ.

ಔಷಧಿಯ ವಿಷಯ ಅಷ್ಟು ಹಗುರವಲ್ಲ. ನೆನಪಿನ ಶಕ್ತಿಗೆ ಆಯುರ್ವೇದ ಹೇಳುವ ಶಂಖಪುಷ್ಪಿ ಯಾವ ಗಿಡ ಎಂಬ ಪ್ರಶ್ನೆಗೆ ದೇಶದ ಒಂದೊಂದು ಭಾಗದಲ್ಲಿ ಒಂದೊಂದು ಉತ್ತರವಿದೆ. ಭಾರತದ ಅಧಿಕೃತ ಆಯುರ್ವೇದ ಔಷಧಕೋಶ ಒಪ್ಪಿರುವುದು ಉತ್ತರದ ಒಣಸೀಮೆಗಳ ಕಾನ್ವಾಲ್ವುಲಸ್ ಅನ್ನು. ಅದರ ಹೂವು ತಿಳಿಗುಲಾಬಿ ಛಾಯೆಯ ಬಿಳಿ, ಆಕಾರ ಆಳಿಕೆಯಂತೆ. ಕೇರಳದಲ್ಲಿ ಬೇಲಿಗೆ ಹಬ್ಬುವ ಶಂಖಪುಷ್ಪವನ್ನೇ ಬಳಸುವ ರೂಢಿಯಿದೆ. ಅದು ಅವರೆ, ತೊಗರಿಯ ಕುಟುಂಬದ್ದು. ಬಂಗಾಳದ ಕಡೆ ಕ್ಯಾನ್ಸ್‌ಕೋರಾ ಎಂಬ ಇನ್ನೊಂದೇ ಗಿಡ. ಇವುಗಳ ಜೊತೆಗೆ ನಮ್ಮ ವಿಷ್ಣುಕ್ರಾಂತಿಯೂ ಅದೇ ಹೆಸರಿನಲ್ಲಿ ಅಂಗಡಿ ಸೇರುತ್ತದೆ. ಹೂವಿರುವಾಗ ಈ ನಾಲ್ಕನ್ನೂ ಶಾಲೆಯ ಮಗು ಬೇರೆಬೇರೆ ಮಾಡಬಲ್ಲದು. ಒಣಗಿಸಿ ಪುಡಿ ಮಾಡಿದ ಮೇಲೆ ಪ್ರಯೋಗಾಲಯ ಬೇಕು. ನಡುಹಗಲು ದಾಟಿದ ಗಿಡಕ್ಕೆ ಆಗುವುದೇ ಇಲ್ಲಿ ಇನ್ನೂ ದೊಡ್ಡದಾಗಿ ಆಗುತ್ತದೆ: ವಸ್ತು ಇದೆ, ಗುರುತು ಹೋಗಿದೆ.

ಗುರುತಿಸುವುದು ಎಂದರೆ ಹೆಸರು ಹೇಳುವುದು ಎಂದು ನಾವು ತಿಳಿದಿದ್ದೇವೆ. ಅನುಭವಕ್ಕೆ ಬಂದದ್ದು ಬೇರೆ. ಅದರಲ್ಲಿ ಮುಕ್ಕಾಲು ಪಾಲು ‘ಇದು ಅದಲ್ಲ’ ಎನ್ನುತ್ತ ಹೋಗುವ ಕೆಲಸ. ಬೆಂಗಳೂರಿನ ಉದ್ಯಾನಗಳ ಅಂಚಿನಲ್ಲಿ ಪೊದೆಯಾಗಿ ನೀಲಿ ಹೂ ಬಿಡುವ ಎವಾಲ್ವುಲಸ್ ಬ್ರೆಜಿಲ್ ಕಡೆಯದು, ನರ್ಸರಿಯಿಂದ ಬಂದದ್ದು. ಅದರ ಹೂವು ದೊಡ್ಡದು, ಉದ್ದ ತೊಟ್ಟಿಲ್ಲ. ಲಾನುಗಳಲ್ಲಿ ಹುಲ್ಲಿನ ಜೊತೆ ಹರಡುವ, ದುಂಡೆಲೆಯ, ಬಿಳಿಹೂವಿನ ಇನ್ನೊಂದು ಎವಾಲ್ವುಲಸ್ ಕೂಡ ಅಮೆರಿಕ ಖಂಡದಿಂದ ಬಂದು ಇಲ್ಲಿ ನೆಲೆಯೂರಿದ್ದು. ಅದು ಗೆಣ್ಣುಗೆಣ್ಣಿಗೂ ಬೇರು ಬಿಡುತ್ತದೆ, ವಿಷ್ಣುಕ್ರಾಂತಿ ಬಿಡುವುದಿಲ್ಲ. ಈ ಕುಲದ ಸುಮಾರು ನೂರು ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಅಮೆರಿಕ ಖಂಡದವೇ. ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾಗಳ ತುಂಬ ಹರಡಿ ಅಲ್ಲಿಯದೇ ಆಗಿರುವುದು ವಿಷ್ಣುಕ್ರಾಂತಿಯೊಂದು.

ಈಗ ಮೊಬೈಲಿನಲ್ಲಿ ಫೋಟೋ ತೆಗೆದರೆ ಆ್ಯಪ್ ಹೆಸರು ಹೇಳುತ್ತದೆ. ನಾನೂ ಬಳಸುತ್ತೇನೆ, ಬೈಯುವುದಿಲ್ಲ. ಆದರೆ ನಿಂತಲ್ಲಿಂದ ಕೆಳಗೆ ತೆಗೆದ ಚಿತ್ರದಲ್ಲಿ ಗೆಣ್ಣಿನ ಬೇರು ಕಾಣುವುದಿಲ್ಲ, ಶಲಾಕೆ ಕಾಣುವುದಿಲ್ಲ, ಎಲೆಯ ಬೆನ್ನು ಕಾಣುವುದಿಲ್ಲ. ಉದ್ಯಾನದ ಗಿಡದ ಫೋಟೋ ಲೋಕದಲ್ಲಿ ಹೆಚ್ಚು ಓಡಾಡುತ್ತಿದ್ದರೆ ಬೀಳಿನ ಗಿಡಕ್ಕೂ ಆ್ಯಪ್ ಅದೇ ಹೆಸರು ಕೊಡುವ ಸಂಭವವಿದೆ. ಬಗ್ಗದೆ ಸಿಕ್ಕ ಹೆಸರು ಬರೀ ಅಂದಾಜಿನದು. ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟರಾಗಿದ್ದುಕೊಂಡು ವಿದ್ಯಾರ್ಥಿಗಳನ್ನು ಗುಡ್ಡಗಾಡು ಸುತ್ತಿಸಿದ ಕಥೆಯನ್ನು ಕನ್ನಡಿಗರು ‘ಹಸುರು ಹೊನ್ನು’ವಿನಲ್ಲಿ ಓದಿದ್ದೇವೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆ ಪುಸ್ತಕದಲ್ಲಿ ಗಿಡದಷ್ಟೇ ನಡಿಗೆಯೂ ಇದೆ, ನಗುವೂ ಇದೆ. ಸಸ್ಯಶಾಸ್ತ್ರವನ್ನು ಕಾಲಿನಿಂದ ಕಲಿಯಬೇಕು ಎಂದು ಅದರಷ್ಟು ಚೆನ್ನಾಗಿ ತೋರಿಸಿದ ಕನ್ನಡ ಪುಸ್ತಕ ಇನ್ನೊಂದಿಲ್ಲ.

ವಿಷ್ಣುಕ್ರಾಂತಿ ಅಪರೂಪದ ಗಿಡವೇನಲ್ಲ ಎಂಬುದನ್ನೂ ಹೇಳಿಬಿಡಬೇಕು. ಅಳಿವಿನಂಚಿನ ಪಟ್ಟಿ ಹಿಡಿದು ಇದರ ಪರವಾಗಿ ವಾದ ಮಾಡಲಾಗದು. ಹಾಗಿದ್ದರೆ ಇಷ್ಟು ಕಷ್ಟಪಟ್ಟು ಗುರುತಿಸುವುದೇಕೆ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಸಿಕ್ಕ ಉತ್ತರ ಇಷ್ಟು: ಅಪರೂಪದ್ದು ಹೋದರೆ ಪತ್ರಿಕೆಯಲ್ಲಿ ಬರುತ್ತದೆ. ಸಾಮಾನ್ಯವಾದದ್ದು ಒಂದು ಊರಿನಿಂದ ಹೋದರೆ ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಪಕ್ಕದ ಊರಿನಲ್ಲಿ ಅದು ಇನ್ನೂ ಇರುತ್ತದೆ. ಆಮೇಲೆ ಪಕ್ಕದ ಊರಿನಿಂದಲೂ ಹೋಗುತ್ತದೆ. ‘ಇಲ್ಲಿ ಇತ್ತು’ ಎಂದು ಹೇಳಲು ಒಬ್ಬರಾದರೂ ಅದನ್ನು ಇದ್ದಾಗ ಗುರುತಿಸಿ, ತಾರೀಖು ಹಾಕಿ, ಜಾಗ ಬರೆದಿಟ್ಟಿರಬೇಕು.

ಹರ್ಬೇರಿಯಂಗಳು ಮಾಡುವುದು ಇದನ್ನೇ. ತಿರುಚಿರಾಪಳ್ಳಿಯ ರಾಪಿನಾಟ್ ಹರ್ಬೇರಿಯಂನಲ್ಲಿ ಕೆ.ಎಂ. ಮ್ಯಾಥ್ಯೂ ಎಂಬ ಪಾದ್ರಿ ತಮಿಳುನಾಡಿನ ಒಣಸೀಮೆಗಳ ಗಿಡಗಳನ್ನು ಕೂಡಿಸಿ 1980ರ ದಶಕದ ಮೊದಲ ವರ್ಷಗಳಲ್ಲಿ ದೊಡ್ಡ ಸಸ್ಯಕೋಶ ತಂದರು. ಬೆಂಗಳೂರಿನಲ್ಲಿ ಸೆಸಿಲ್ ಸಲ್ಡಾನಾ, ಅವರೂ ಪಾದ್ರಿಯೇ, ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ 1976ರಲ್ಲಿ ಪುಸ್ತಕ ತಂದರು. ಅವರು ಕಟ್ಟಿದ ಸಂಗ್ರಹ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಒತ್ತಿ ಒಣಗಿಸಿದ ಹಾಳೆಯ ಮೇಲೆ ನೀಲಿ ಬಣ್ಣ ನಿಲ್ಲುವುದಿಲ್ಲ, ಕಾಗದದ ಬಣ್ಣಕ್ಕೇ ತಿರುಗುತ್ತದೆ. ಅದಕ್ಕೇ ಮೂಲೆಯ ಚೀಟಿಯಲ್ಲಿ ಊರು, ದಿನ, ಮಣ್ಣಿನ ಜೊತೆಗೆ ‘ಹೂ ನೀಲಿ’ ಎಂದು ಕೈಬರಹದಲ್ಲಿ ಬರೆದಿಡುವ ಶಿಸ್ತು. ಆ ಎರಡು ಪದ ಬರೆಯದಿದ್ದರೆ ಬಣ್ಣಕ್ಕೆ ಸಾಕ್ಷಿಯೇ ಇರುವುದಿಲ್ಲ.

ಮೇಕೆಯ ಅಜ್ಜಿಯ ಮಾತಿಗೆ ಹಿಂದಿರುಗುತ್ತೇನೆ. ಗಿಡದ ಗುರುತಿನಲ್ಲಿ ನೆಲದ ಗುರುತು ಸೇರಿದೆ ಎಂದಾದರೆ, ಆ ನೆಲವನ್ನು ನಾವು ಏನೆಂದು ಗುರುತಿಸಿದ್ದೇವೆ? ಕಂದಾಯದ ಲೆಕ್ಕದಲ್ಲಿ ಇಂಥವು ತಮಿಳುನಾಡಿನಲ್ಲಿ ತರಿಶು, ಪೊರಂಬೋಕು. ಗಡಿಯ ಈಚೆಗೆ ಬಂದರೆ ಬೀಳು, ಖರಾಬು. ಕೇಂದ್ರ ಸರ್ಕಾರ 2000ದಿಂದ ಹೊರತರುತ್ತಿರುವ ಪಾಳುಭೂಮಿ ಭೂಪಟದಲ್ಲಿ ಕುರುಚಲು ನೆಲಗಳೆಲ್ಲ ಪಾಳಿನ ಬಣ್ಣದಲ್ಲೇ ಬರುತ್ತವೆ. ಆ ಭೂಪಟಕ್ಕೆ ಚಿತ್ರ ಕೊಡುವ ಉಪಗ್ರಹವೂ ನಿಂತಲ್ಲಿಂದ ಕೆಳಗೆ ನೋಡುವಂಥದ್ದೇ. ಅದಕ್ಕೆ ಮರ ಕಾಣುತ್ತದೆ, ಬೆಳೆ ಕಾಣುತ್ತದೆ. ಎರಡೂ ಕಾಣದ ಕಡೆ ಏನೂ ಇಲ್ಲ ಎಂದು ನಾವು ಓದಿಕೊಳ್ಳುತ್ತೇವೆ.

ಏನೂ ಇಲ್ಲ ಎಂದು ಬರೆದ ನೆಲದಲ್ಲಿ ಏನು ಮಾಡಿದರೂ ಲಾಭವೇ ಎನಿಸುತ್ತದೆ. 1970ರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬಂದಂದಿನಿಂದ ಹೊಸೂರು ಬೆಳೆಯುತ್ತಲೇ ಇದೆ. 2019ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಮನೆ ಬೇಡವೇ? ಬೇಕು. ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಇನ್ನೊಂದು ಬಗೆಯ ಲಾಭದ ಬಗ್ಗೆ, ಪುಣ್ಯ ಎಂದುಕೊಂಡು ಮಾಡುವುದರ ಬಗ್ಗೆ. ನಾನು ಹೂವು ನೋಡಲು ಹೋಗುತ್ತಿದ್ದ ಇನ್ನೊಂದು ದಿನ್ನೆಯಲ್ಲಿ ಒಂದು ವರ್ಷ ಪರಿಸರ ದಿನಕ್ಕೆ ಸಾಲುಸಾಲು ಗುಂಡಿ ತೋಡಿ ಸಸಿ ನೆಟ್ಟರು. ಬೇಲಿ ಹಾಕಿದರು, ಮೇಕೆ ಬಿಡಬೇಡಿ ಎಂದರು. ಸಸಿಗಳಲ್ಲಿ ಅರ್ಧ ಒಣಗಿದವು. ಮೇಯುವ ಬಾಯಿಲ್ಲದೆ ಹುಲ್ಲು ಮೊಣಕಾಲುದ್ದ ಬೆಳೆಯಿತು, ಲಂಟಾನ ಒಳಗೆ ಬಂತು. ನೀಲಿ ಚುಕ್ಕೆಗಳು ಮೊದಲು ಬೇಲಿಯಂಚಿಗೆ ಸರಿದವು, ಆಮೇಲೆ ಅಲ್ಲೂ ಇಲ್ಲವಾದವು. ನೆಟ್ಟವರ ಮನಸ್ಸು ಒಳ್ಳೆಯದೇ. ಅವರು ಮರಕ್ಕೆ ಸರಿಯಾದ ಹೆಸರು ಹೇಳಬಲ್ಲರು, ನೆಲಕ್ಕೆ ಹೇಳಲಾರರು.

ಹೂವಿನ ಬಗ್ಗೆ ಹೊಸೂರಿಗೆ ಅನಾದರವಿಲ್ಲ. ಫೆಬ್ರವರಿ 14 ಹತ್ತಿರವಾದಂತೆ ಇಲ್ಲಿಯ ಪಾಲಿಹೌಸುಗಳಿಂದ ‘ತಾಜ್ ಮಹಲ್’ ಮೊದಲಾದ ತಳಿಗಳ ಗುಲಾಬಿ ಪೆಟ್ಟಿಗೆ ತುಂಬಿ ವಿದೇಶಕ್ಕೆ ಹಾರುತ್ತದೆ. ಕಾಂಡ ಎಷ್ಟು ಉದ್ದವೋ ಅಷ್ಟು ಬೆಲೆ; ಸೆಂಟಿಮೀಟರಿನಲ್ಲಿ ಅಳೆದು ದರ್ಜೆ ಮಾಡುತ್ತಾರೆ. ಹಾಗೆ ಅಳೆದರೆ ವಿಷ್ಣುಕ್ರಾಂತಿಗೆ ದರ್ಜೆಯೇ ಸಿಕ್ಕದು. ಹಾಗೆಂದು ಹುಲ್ಲಿನ ನೆಲ ಉಳಿಯುವುದೇ ಇಲ್ಲ ಎಂದಲ್ಲ. ಹೊಸೂರಿನ ಹತ್ತಿರದ ಮತ್ತಿಗಿರಿಯಲ್ಲಿ 1824ರಷ್ಟು ಹಿಂದೆ ಶುರುವಾದ ಜಾನುವಾರು ಕ್ಷೇತ್ರ ಸಾವಿರದ ಆರುನೂರು ಎಕರೆಗೂ ಮೇಲೆ ಹರಡಿಕೊಂಡು ಇಂದೂ ನಡೆಯುತ್ತಿದೆ. ಹುಲ್ಲಿನ ನೆಲಕ್ಕೂ ಒಂದು ಉಪಯೋಗ, ಒಂದು ಹೆಸರು, ಒಂದು ಕಾವಲು ಇದ್ದರೆ ಇನ್ನೂರು ವರ್ಷ ಉಳಿಯುತ್ತದೆ ಎನ್ನುವುದಕ್ಕೆ ದೂರದ ಉದಾಹರಣೆ ಬೇಕಿಲ್ಲ.

ಕಾಯಿದೆಯ ಆಸರೆಯೂ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ಸಮಿತಿ ಮಾಡಿ, ಊರಿನ ಗಿಡ, ಪ್ರಾಣಿ, ತಿಳಿವಳಿಕೆಗಳನ್ನೆಲ್ಲ ಜನರಿಂದಲೇ ಕೇಳಿ ಒಂದು ಪುಸ್ತಕದಲ್ಲಿ ಬರೆಸಬೇಕು. ಅದಕ್ಕೆ ಜನತಾ ಜೀವವೈವಿಧ್ಯ ದಾಖಲಾತಿ ಎಂದು ಹೆಸರು. ಆ ಪುಸ್ತಕ ಬರೆಯುವವರು ಮೊದಲು ಹೋಗಬೇಕಾದದ್ದು ಮೇಕೆ ಕಾಯುವವರ ಹತ್ತಿರ, ಅದೂ ಬೆಳಿಗ್ಗೆ. ಕಚೇರಿಯ ಹೊತ್ತಿಗೆ ಹೊರಟರೆ ಹೂವೂ ಮುಚ್ಚಿರುತ್ತದೆ, ಮೇಕೆಯೂ ನೆರಳು ಸೇರಿರುತ್ತದೆ.

ನಿಮ್ಮೂರಿನ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಬೀಳು, ಗೋಮಾಳ, ಖರಾಬಿನ ಪುಟ ತೆಗೆದು ಅಲ್ಲಿ ಏನು ಬರೆದಿದ್ದಾರೆ ಓದಿ. ಖಾಲಿ ಬಿಟ್ಟಿದ್ದರೆ, ಅಲ್ಲಿ ಸಸಿ ನೆಡುವ ಮೊದಲು ಒಂದು ಮಳೆಗಾಲ ತಡೆಯಿರಿ ಎಂದು ಅವರಿಗೆ ಹೇಳಿ.